ಮೂರನೆಯ ಸಲದ ಹೂಂ

ತಟ್ಟೆಯಲ್ಲಿ ಉಳಿದ ಕೊನೆಯ ಕೇಕ್ ತುಂಡನ್ನು ಎಷ್ಟು ಸಲ ಬೇಡವೆಂದ ಮೇಲೆ ತೆಗೆದುಕೊಳ್ಳಬಹುದು ಎಂಬುದು ನಮ್ಮ ಮಿನ್ನೆಸೋಟದಲ್ಲಿ ಅತ್ಯಂತ ಗಂಭೀರ ವಿಷಯ. ಎರಡು ಸಲ ಬೇಡ, ಮೂರನೆಯ ಸಲಕ್ಕೆ ಹೂಂ. ಮೊದಲ ಕರೆಗೇ ಕೈ ಚಾಚಿದವನನ್ನು ಚರ್ಚಿನ ಹೆಂಗಸರು ಅವನ ಶವಸಂಸ್ಕಾರದವರೆಗೂ ನೆನಪಿಟ್ಟಿರುತ್ತಾರೆ.

ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಆರ್ಡಿಸ್ ಹಾಲ್ವರ್ಸನ್ ಮೇಲೆ ಹಳೆಯ ಸೋಫಾದ ಸಾಲಕ್ಕಾಗಿ ದಾವೆ ಬಿತ್ತು. ಸೋಫಾ ಮಾರಿದ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಸಾಲ ಕೈಯಿಂದ ಕೈಗೆ ಮಾರಾಟವಾಗಿ, ಆಕೆ ಹೆಸರೇ ಕೇಳದ ಕಂಪನಿಯೊಂದರ ಪಾಲಾಗಿತ್ತು. ಸೋತರೆ ಸಂಬಳಕ್ಕೇ ಕತ್ತರಿ.

ನಾದಿನಿ ಲವೋನ್ ಪಕ್ಕದಲ್ಲಿ ಕೂತು ಉತ್ತರ ಬರೆಸಿದಳು: ಈ ಕಂಪನಿ ನನಗೆ ಗೊತ್ತಿಲ್ಲ, ಸಾಲ ವಸೂಲಿಯ ಹಕ್ಕು ನಿಮ್ಮದೆಂಬುದಕ್ಕೆ ಕಾಗದ ತೋರಿಸಿ.

"ಕೆಳಗೆ 'ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ' ಅಂತ ಒಂದು ಸಾಲು ಹಾಕ್ಲಾ?"

"ಪೆನ್ನು ಇಲ್ಲಿ ಕೊಡಿ ಅತ್ತಿಗೆ."

ಕಂಪನಿಯ ವಕೀಲ ಪೆಲ್ಲೆಗ್ರಿನೊ ದೂರದ ನ್ಯೂಜೆರ್ಸಿ ಕಡೆಯವನು, ಇಲ್ಲಿಯ ರಿವಾಜು ಅರಿಯದವನು. ಅವನ ದಾವೆಗಳಿಗೆ ಸಾಮಾನ್ಯವಾಗಿ ಯಾರೂ ಹಾಜರಾಗುತ್ತಿರಲಿಲ್ಲ; ಬರದವರ ಮೇಲೆ ತೀರ್ಪು ತಾನಾಗಿ ಸಿಗುತ್ತಿತ್ತು. ಈಕೆ ಬಂದಿದ್ದಳು. ಕಾಗದ ಅವನ ಬಳಿ ಇರಲಿಲ್ಲ.

"ಅರ್ಧ ಕೊಡಿ ಮೇಡಂ, ಇಲ್ಲೇ ಮುಗಿಸಿಬಿಡೋಣ," ಎಂದ ಕೋರ್ಟಿನ ಪಡಸಾಲೆಯಲ್ಲಿ.

ಆರ್ಡಿಸ್‌ಗೆ ಜೀವ ಬಂದಂತಾಯಿತು. ಆದರೂ ಸಂಪ್ರದಾಯ ಬಿಡಲಾದೀತೇ? "ಅಯ್ಯೋ ಬೇಡಪ್ಪ. ನಿಮಗ್ಯಾಕೆ ಸುಮ್ನೆ ತೊಂದರೆ."

ವಕೀಲ ಫೈಲು ತಿರುವಿದ. "ಕಾಲು ಭಾಗ?"

"ಪರವಾಗಿಲ್ಲ ಬಿಡಿ. ಹೇಗೋ ಆಗತ್ತೆ."

ಕಾಗದವಿಲ್ಲದ ಗುಟ್ಟು ಈ ಹೆಂಗಸಿಗೆ ತಿಳಿದುಬಿಟ್ಟಿದೆ ಎಂದುಕೊಂಡ ವಕೀಲ.

"ಇನ್ನೊಂದ್ಸಲ ಕೇಳ್ತಾನೆ, ಆಗ ಹೂಂ ಅನ್ನಿ," ಎಂದು ಲವೋನ್ ಪಿಸುಗುಟ್ಟಿದಳು. ಆರ್ಡಿಸ್ ಚೆಕ್‌ಬುಕ್ ತೆಗೆಯಲು ಕೈಚೀಲ ಬಿಚ್ಚಿದಳು. ವಕೀಲ ಫೈಲು ಮುಚ್ಚಿ ಒಳಗೆ ಹೋಗಿಬಿಟ್ಟ.

"ಮೂರನೇ ಸಲ ಕೇಳ್ಲೇ ಇಲ್ವಲ್ಲೇ."

"ಮನೇಲಿ ಹೇಳಿಕೊಟ್ಟಿಲ್ಲ ಅತ್ತಿಗೆ. ಏನ್ ಮಾಡೋಕಾಗತ್ತೆ."

ಒಳಗೆ ವಕೀಲ, ದಾವೆಯನ್ನು ಹಿಂತೆಗೆದುಕೊಳ್ಳುತ್ತೇವೆ, ಮತ್ತೆ ಹೂಡುವುದಿಲ್ಲ ಎಂದ. ನ್ಯಾಯಾಧೀಶರು ಆರ್ಡಿಸ್ ಕಡೆ ತಿರುಗಿದರು. "ನಿಮಗೆ ಒಪ್ಪಿಗೆನಾ?"

"ಅಯ್ಯೋ, ನನಗೋಸ್ಕರ ಇಷ್ಟೆಲ್ಲ ಯಾಕೆ."

ಲವೋನ್ ಕಣ್ಣು ಮುಚ್ಚಿಕೊಂಡಳು.

ನ್ಯಾಯಾಧೀಶರು ಇದೇ ಊರಿನವರು. ಕನ್ನಡಕ ತೆಗೆದು ಒರೆಸಿದರು. "ಒಪ್ಪಿಗೆನಾ ಅಂತ ಕೇಳ್ದೆ."

"ಬೇಡ ಬಿಡಿ, ಅವರಿಗೂ ನಷ್ಟ."

ನ್ಯಾಯಾಧೀಶರು ಕನ್ನಡಕ ಏರಿಸಿಕೊಂಡು ಮೂರನೆಯ ಸಲ ಕೇಳಿದರು.

"ಇಷ್ಟು ಒತ್ತಾಯ ಮಾಡ್ತಿದ್ದೀರಲ್ಲ," ಎಂದಳು ಆರ್ಡಿಸ್, "ಹೂಂ, ಆಗ್ಲಿ."

ದಾವೆ ವಜಾ ಆಯಿತು.