ಹಸಿದ ಇದ್ದಿಲು

ಜೋಳ ಕೊಯ್ದ ಮೇಲೆ ಉಳಿಯುವ ದಂಟು, ದಿಂಡುಗಳನ್ನು ಏನು ಮಾಡುವುದೆಂಬುದು ಎಲ್ಲ ಮನೆಗಳ ತಲೆನೋವು. ಬಹಳ ಜನ ಬೆಂಕಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅತ್ತೆಯೂ ಹಾಗೇ ಮಾಡುತ್ತಿದ್ದಳು. ಹೋದ ವರ್ಷ ಸೊಸೆ ಎಲ್ಲೋ ಕೇಳಿಕೊಂಡು ಬಂದು, ಬೂದಿ ಮಾಡುವ ಬದಲು ಇದ್ದಿಲು ಮಾಡಿ ಮಣ್ಣಿಗೆ ಸೇರಿಸೋಣ ಎಂದಳು. ಇಬ್ಬರೂ ಸೇರಿ ಕೆಳಗಿನ ಹೊಲದ ಬದನೆ ಮಡಿಗೆ ಇದ್ದಿಲನ್ನು ಹಾಗೇ ಸುರಿದರು. ಸಸಿಗಳು ಹಳದಿ ತಿರುಗಿದವು.

"ಬಿಡು, ಇನ್ಮೇಲೆ ಬದನೆಕಾಯಿ ಗಿಡದಲ್ಲೇ ಸುಟ್ಕೊಂಡು ಬರುತ್ತೆ" ಎಂದಳು ಅತ್ತೆ.

ಸೊಸೆ ಮತ್ತೆ ಆ ಮಾತೆತ್ತಲಿಲ್ಲ. ಆ ಹೊಲ ಸತ್ತಿತೆಂದು ತೀರ್ಮಾನಿಸಿದ ಅತ್ತೆ, ಮೇಲ್ಮಣ್ಣನ್ನು ಇಟ್ಟಿಗೆ ಗೂಡಿನವನಿಗೆ ಕೊಟ್ಟುಬಿಟ್ಟಳು. ಲಾರಿಗಳು ಬಂದವು, ಹೋದವು. ಹಳ್ಳ ಉಳಿಯಿತು, ಬದುವಿನ ಪಕ್ಕ ಮಡಿಯ ಒಂದು ಅಂಚು ಉಳಿಯಿತು. ಈ ವರ್ಷ ಮೇಲಿನ ಹೊಲದ ಮಣ್ಣನ್ನೂ ಕೊಡುವ ಮಾತಾಗಿತ್ತು. ಲಾರಿ ಮರುದಿನ ಬರುವುದಿತ್ತು.

ಅಷ್ಟರಲ್ಲಿ ಕೃಷಿ ಕಚೇರಿಯ 'ಮಣ್ಣಿನ ಮೇಡಂ' ಆ ಕಡೆ ಬಂದರು. ಅತ್ತೆ ಬದನೆಯ ಕಥೆಯನ್ನು ನಗುತ್ತಲೇ ಹೇಳಿದಳು. ಮೇಡಂ ನಗಲಿಲ್ಲ.

"ಇದ್ದಿಲಿಗೆ ಮೊದಲು ಏನು ಉಣಿಸಿದ್ರಿ ಅಮ್ಮ?"

"ಇದ್ದಿಲಿಗೆ ಉಣಿಸೋದಾ? ಮನೆಯವರಿಗೆ ಬಡಿಸೋದೇ ಸಾಕಾಗಿದೆ."

ಹೊಸ ಇದ್ದಿಲಿನ ಮೈತುಂಬ ಸಣ್ಣ ತೂತುಗಳು, ಅದು ಖಾಲಿ ಹೊಟ್ಟೆಯ ನೆಂಟನಿದ್ದ ಹಾಗೆ ಎಂದರು ಮೇಡಂ. ಹಾಗೇ ಹಾಕಿದರೆ ಗಿಡದ ಪಾಲಿನ ಸಾರವನ್ನೂ ತಾನೇ ಹೀರಿಕೊಳ್ಳುತ್ತದೆ. ಅದಕ್ಕೇ ಮೊದಲು ಸಗಣಿ ನೀರು, ಗಂಜಲ, ಕಳಿತ ಗೊಬ್ಬರ ಬೆರೆಸಿ, ನೆರಳಲ್ಲಿ ಎರಡು ಮೂರು ವಾರ ಒದ್ದೆಯಾಗಿಡಬೇಕು.

ಆ ಮಡಿ ತೋರಿಸಿ ಎಂದರು. ಮೂವರೂ ಕೆಳಗಿನ ಹೊಲಕ್ಕೆ ಹೋದರು. ಉಳಿದ ಅಂಚಿನಲ್ಲಿ, ಎಲ್ಲಿಂದಲೋ ಬಂದು ಬಿದ್ದ ಬೀಜದಿಂದ ತಾನಾಗಿ ಹುಟ್ಟಿದ ಬದನೆ ಗಿಡವೊಂದು ನಿಂತಿತ್ತು. ಎಲೆ ಕಡು ಹಸಿರು. ಕೊಂಬೆ ಬಾಗುವಷ್ಟು ಕಾಯಿ. ಅದಕ್ಕೆ ಯಾರೂ ಗೊಬ್ಬರ ಹಾಕಿರಲಿಲ್ಲ. ಮೇಡಂ ಬುಡದ ಮಣ್ಣು ಕೆದಕಿದರು. ಇದ್ದಿಲಿನ ಚೂರುಗಳು ಕಂಡವು.

"ಒಂದು ವರ್ಷದಲ್ಲಿ ಅದರ ಹೊಟ್ಟೆ ತಾನೇ ತುಂಬಿದೆ ಅಮ್ಮ. ಈಗ ಗಿಡಕ್ಕೆ ಕೊಡ್ತಿದೆ."

ಅತ್ತೆ ಹಳ್ಳದ ಕಡೆ ನೋಡಿದಳು. 

"ಹಾಗಾದ್ರೆ ನಾನು ಕೊಟ್ಟಿದ್ದು ಸತ್ತ ಮಣ್ಣಲ್ಲ" ಎಂದಳು. ಆಮೇಲೆ ಸೊಸೆಯನ್ನು ಕೇಳಿದಳು, "ವಾಪಸ್ ತರೋಕಾಗುತ್ತೇನೇ?"

"ಇಷ್ಟೊತ್ತಿಗೆ ಇಟ್ಟಿಗೆ ಆಗಿರುತ್ತೆ ಅತ್ತೆ."

ಮರುದಿನ ಲಾರಿ ಖಾಲಿಯಾಗಿ ಹಿಂದಿರುಗಿತು. ಅತ್ತೆ ಒಣಗಿದ ದಿಂಡುಗಳನ್ನು ಗುಡ್ಡೆ ಹಾಕಿ ಸೊಸೆಯನ್ನು ಕರೆದಳು. "ಏನೇನು ಮಾಡ್ಬೇಕು, ಮೊದಲಿಂದ ಹೇಳು. ಈ ಸಲ ಪೂರ್ತಿ ಕೇಳ್ತೀನಿ."

ಓದುವವರೇ, ನೀವೂ ಕೇಳಿ. ಇಳಿಜಾರು ಗೋಡೆಯ ಗುಂಡಿ ತೋಡಿ. ಗಾಳಿಯಿಲ್ಲದಾಗ, ಮಕ್ಕಳನ್ನು ದೂರವಿಟ್ಟು, ಗುಂಡಿಯಲ್ಲಿ ಒಣಗಿದ ದಂಟಿನ ಒಂದು ಪದರ ಹರವಿ ಮೇಲಿನಿಂದ ಬೆಂಕಿ ಕೊಡಿ. ಬಿಳಿ ಬೂದಿ ಕಾಣತೊಡಗಿದಾಗ ಇನ್ನೊಂದು ಪದರ ಹಾಕಿ. ಗುಂಡಿ ತುಂಬಿದ ಮೇಲೆ, ಎಲ್ಲ ಬೂದಿಯಾಗುವ ಮೊದಲೇ ನೀರು ಹೊಯ್ದು ಪೂರ್ತಿ ಆರಿಸಿ. ಪುಡಿ ಮಾಡಿ, ಗೊಬ್ಬರ ಉಣಿಸಿ, ಆಮೇಲೆ ಮಣ್ಣಿಗೆ ಸೇರಿಸಿ. ಮೊದಲು ಒಂದೇ ಮಡಿಗೆ ಹಾಕಿ ನೋಡಿ. ಒಂದು ಬೆಳೆ ಸೋತಿತೆಂದು ಮಣ್ಣನ್ನು ಬಿಟ್ಟುಕೊಡಬೇಡಿ. ಬೆಳೆ ಮುಂದಿನ ವರ್ಷವೂ ಬರುತ್ತದೆ. ಹೋದ ಮಣ್ಣು ನಮ್ಮ ಕಾಲದಲ್ಲಿ ಬರುವುದಿಲ್ಲ.