ಹನ್ನೆರಡನೇ ನಂಬರಿನ ಟರ್ನೋವರ್

"ಇದು ಎಂಟನೇ ನಂಬರಿನವನ ತಪ್ಪು ಮೇಡಂ. ಪಾಸ್ ಸರಿಯಾಗಿಯೇ ಉಂಟು, ಅವ ಹಿಡಿಯಲಿಲ್ಲ," ಎಂದು ಮುಂದಿನ ಬೆಂಚಿನ ಜುಲೈಕಾ ಹೇಳಿದಳು. ಹಿಂದೆ ಕೂತವರೂ ಹೌದು ಹೌದು ಎಂದರು. ಶುಭಶ್ರೀ ವಿಡಿಯೋ ನಿಲ್ಲಿಸಿ, ಕೈಯಲ್ಲಿದ್ದ ಅಧಿಕೃತ ಅಂಕಿಅಂಶದ ಹಾಳೆಗಳನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಹಾಳೆಯ ಪ್ರಕಾರ ಚೆಂಡು ಕಳೆದವನು ಪಾಸ್ ಕೊಟ್ಟ ಹನ್ನೆರಡನೇ ನಂಬರಿನವನು. ಹಾಗೆಂದು ಬರೆಸಿದವಳು ಅವಳೇ.

ಮೂಡುಬಿದಿರೆಯ ಕಾಲೇಜೊಂದರಲ್ಲಿ ಅವಳು ದೈಹಿಕ ಶಿಕ್ಷಣದ ಉಪನ್ಯಾಸಕಿ. ಬಾಸ್ಕೆಟ್‌ಬಾಲ್ ಪಂದ್ಯಗಳ ಅಂಕಿಅಂಶ ಬರೆಯಲು ಕಲಿಯುವವರಿಗೆ ಅದು ಶನಿವಾರದ ತರಗತಿ. ಕಳೆದ ತಿಂಗಳು ಬೆಂಗಳೂರಿನಲ್ಲಿ ಭಾರತದ ಗಂಡಸರ ತಂಡ ಕಝಾಕಿಸ್ತಾನದ ಮೇಲೆ ಆಡಿದ ಪಂದ್ಯವನ್ನೇ ಅವಳು ಪಾಠಕ್ಕೆ ಆರಿಸಿಕೊಂಡಿದ್ದಳು. ತಾನೇ ಅಂಕಿಅಂಶ ಬರೆಸುವ ಟೇಬಲ್ಲಿನಲ್ಲಿ ಕೂತಿದ್ದ ಅಂತರರಾಷ್ಟ್ರೀಯ ಪಂದ್ಯವೆಂಬ ಹೆಮ್ಮೆಯೂ ಸ್ವಲ್ಪ ಇತ್ತೆನ್ನಿ.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಆಟದಿಂದ ಕಣ್ಣು ಕೀಳದೆ ಯಾರು ಏನು ಮಾಡಿದರೆಂದು ಹೇಳುತ್ತ ಹೋಗಬೇಕು, ಇನ್ನೊಬ್ಬರು ತಲೆಯೆತ್ತದೆ ಅದನ್ನು ಕಂಪ್ಯೂಟರಿಗೆ ಹಾಕುತ್ತ ಹೋಗಬೇಕು. ಅಂದು ಹೇಳಿದವಳು ಶುಭಶ್ರೀ, ಒತ್ತಿದವನು ಪಾಣೆಮಂಗಳೂರಿನ ನಿಝಾರ್. ಬುಟ್ಟಿಗೆ ಬಿದ್ದ ಚೆಂಡಿಗೆ ಸಾಕ್ಷಿ ಬೇಡ, ಇಡೀ ಸ್ಟೇಡಿಯಮ್ಮೇ ನೋಡುತ್ತದೆ. ಕಷ್ಟವಿರುವುದು ಟರ್ನೋವರಿನಲ್ಲಿ, ಅಂದರೆ ಚೆಂಡು ಎದುರಾಳಿಯ ಕೈಗೆ ಹೋದಾಗ. ಕೊಟ್ಟವನು ಕೆಟ್ಟದಾಗಿ ಕೊಟ್ಟನೋ, ಹಿಡಿಯಬೇಕಾದವನು ನಿಂತಲ್ಲೇ ನಿದ್ದೆ ಹೋಗಿದ್ದನೋ? ಹೇಳುವವಳು ಆ ಕ್ಷಣದಲ್ಲೇ ತೀರ್ಮಾನಿಸಬೇಕು. ಅವಳು ಹೇಳಿದ ನಂಬರೇ ಹಾಳೆಗೆ ಹೋಗುತ್ತದೆ, ಕೋಚ್‌ಗಳು ಓದುವುದೂ ಅದನ್ನೇ.

ಹನ್ನೆರಡನೇ ನಂಬರಿನ ಅಶೋಕ ಬೆಳ್ತಂಗಡಿ ಕಡೆಯವನು, ಗದ್ದೆ ರಬ್ಬರು ನೋಡಿಕೊಂಡಿರುವ ಕೂಸಪ್ಪನ ಮಗ, ಶುಭಶ್ರೀಯ ಕೈಕೆಳಗೇ ಆಟ ಕಲಿತವನು. ಪಂದ್ಯಕ್ಕೆ ಮುಂಚೆ ಟೇಬಲ್ಲಿನ ಯಾರೋ ಒಬ್ಬರು, ನಿಮ್ಮೂರಿನವನೇ ಆಡುತ್ತಿದ್ದಾನಲ್ಲ, ಇವತ್ತು ಅವನ ಲೆಕ್ಕ ಭರ್ತಿಯಾಗುತ್ತದೆ ಬಿಡಿ ಎಂದು ತಮಾಷೆ ಮಾಡಿದ್ದರು. ಬೇರೆಯವರಾಗಿದ್ದರೆ ನಕ್ಕು ಬಿಡುತ್ತಿದ್ದರು. ಶುಭಶ್ರೀಯದು ಕುಂಬಳಕಾಯಿ ಕದಿಯದೆಯೇ ಹೆಗಲು ಮುಟ್ಟಿ ನೋಡಿಕೊಳ್ಳುವ ಮನೆತನ. ಅವಳ ಅಪ್ಪ ವೆಂಕಟೇಶ್ವರ ಮೇಷ್ಟ್ರು ಮಗಳ ಉತ್ತರಪತ್ರಿಕೆ ತಿದ್ದುವಾಗ, ಉತ್ತರ ಸರಿಯಿದ್ದರೂ ಒಂದು ಮಾರ್ಕು ಕಡಿಮೆಯೇ ಹಾಕುತ್ತಿದ್ದರು. ಅಜ್ಜನೂ ಮೇಷ್ಟ್ರೇ, ಅವರೂ ಹಾಗೇ ಮಾಡಿದವರಂತೆ. ನಮ್ಮವರಿಗೆ ಒಂದು ಕಡಿಮೆ ಎನ್ನುವುದು ಆ ಮನೆಯಲ್ಲಿ ಸಂಜೆಯ ದೀಪದ ಹಾಗೆ, ಯಾರೂ ಯಾಕೆಂದು ಕೇಳಿದವರಿಲ್ಲ. ಎಂಥ ನ್ಯಾಯವಂತರು ಎಂದು ಊರು ಹೊಗಳುತ್ತಿತ್ತು, ಅಳು ನುಂಗುತ್ತಿದ್ದ ಹುಡುಗಿಯೂ ಆ ಹೊಗಳಿಕೆಯನ್ನು ನಂಬಿಯೇ ದೊಡ್ಡವಳಾದಳು. ಅಂದು ಅನುಮಾನ ಬಂದ ಚೆಂಡಿಗೆಲ್ಲ ಅವಳು ಹನ್ನೆರಡು ಎಂದಳು. ಅನುಮಾನವೇ ಇಲ್ಲದ ಒಂದೆರಡಕ್ಕೂ ಹನ್ನೆರಡು ಎಂದಳು. ನಿಝಾರ್ ಒತ್ತಿದ.

ಈಗ ತರಗತಿಯ ಮುಂದೆ ಪಾಠವನ್ನು ಅರ್ಧಕ್ಕೆ ಬಿಡುವ ಹಾಗಿರಲಿಲ್ಲ. ಉಳಿದ ತುಣುಕುಗಳನ್ನೂ ಹಾಕಿದಳು. ಪ್ರತಿಸಲವೂ ಅಶೋಕ ಓಡುತ್ತ ಬರುತ್ತಿದ್ದ, ಮುಖ ಒಂದು ಕಡೆಗೆ, ಬಲಗೈಯೊಂದರಿಂದಲೇ ಕೊಡುವ ಪಾಸ್ ಇನ್ನೊಂದು ಕಡೆಗೆ. ಚೆಂಡು ಹೋದದ್ದು ಎದುರಿನವರಿಗೂ ಗೊತ್ತಾಗುತ್ತಿರಲಿಲ್ಲ, ಪಾಪ, ಕೆಲವೊಮ್ಮೆ ಅವನದೇ ತಂಡದವರಿಗೂ. ಮಕ್ಕಳು ಒಂದು ಪಾಸನ್ನು ಮತ್ತೊಮ್ಮೆ ಹಾಕಿಸಿ ನೋಡಿದರು. ಹಾಳೆಯಲ್ಲಿ ಅವನ ಹೆಸರಿನ ಮುಂದೆ ಏಳು ಟರ್ನೋವರ್ ಇತ್ತು. ತರಗತಿ ಅವನಿಗೆ ಕೊಟ್ಟದ್ದು ಎರಡೇ.

ಪಂದ್ಯ ಮುಗಿದ ಮರುವಾರ ಮುಂದಿನ ಶಿಬಿರಕ್ಕೆ ಆಯ್ಕೆಯಾದವರಲ್ಲಿ ಅಶೋಕ ಇರಲಿಲ್ಲ. ಏಳು ಚೆಂಡು ಕಳೆಯುವವನನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಕೋಚ್ ಕೇಳಿದರಂತೆ. ಆ ಸುದ್ದಿ ಕೇಳಿದಾಗ ಶುಭಶ್ರೀ ಛೇ ಎಂದು ಚಹಾ ಕುಡಿದು ಮುಗಿಸಿದ್ದಳು. ಈಗ ಆ ಛೇ ನೆನಪಾಗಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಸಂಜೆ ನಿಝಾರ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.

"ತಿದ್ದಲಿಕ್ಕೆ ಆಗ್ತದೆ ಶುಭಕ್ಕ. ವಿಡಿಯೋ ಸಮೇತ ಟೂರ್ನಿಯ ಆಫೀಸಿಗೆ ಬರೆದ್ರಾಯ್ತು. ಆದ್ರೆ ಊರಿನವನಿಗೋಸ್ಕರ ತಿದ್ದಿದ್ರು ಅಂತ್ಲೇ ಹೇಳ್ತಾರೆ. ಮತ್ತೆ ನಮ್ಮನ್ನು ಆ ಟೇಬಲ್ಲಿಗೆ ಕರೀಲಿಕ್ಕಿಲ್ಲ."

ಯಾವ ಮಾತಿಗೆ ಹೆದರಿ ತಪ್ಪು ಮಾಡಿದ್ದಳೋ, ಸರಿ ಮಾಡಲು ಹೋದರೂ ಅದೇ ಮಾತು ಕಾದು ಕೂತಿತ್ತು. ಆದರೂ ಫೋನಿನಲ್ಲೇ ಪತ್ರ ಬರೆದಳು. ಹೇಳಿದವಳು ನಾನು, ನಿಝಾರ್ ಒತ್ತಿದ್ದು ಮಾತ್ರ, ತಪ್ಪು ನನ್ನೊಬ್ಬಳದು ಎಂದು ಬರೆದಳು. ವಿಡಿಯೋ ತುಣುಕುಗಳನ್ನೂ ಸೇರಿಸಿದಳು. ಕಳುಹಿಸಲು ಬೆರಳು ಏಳಲಿಲ್ಲ. ಮೊದಲು ಅಶೋಕನ ಮುಖ ನೋಡುವ ಎಂದುಕೊಂಡಳು. ನಿಜ ಹೇಳಬೇಕೆಂದರೆ ಅದೂ ಒಂದು ನೆಪವೇ.

ಆದಿತ್ಯವಾರ ಬೆಳಿಗ್ಗೆ ವೇಣೂರಿನ ಮೇಲೆ ಹೋಗುವ ಬಸ್ಸು ಹಿಡಿದು ಬೆಳ್ತಂಗಡಿಗೆ ಹೋದಳು. ಅಶೋಕ ಶಾಲೆಯೊಂದರ ಸಿಮೆಂಟಿನ ಕೋರ್ಟಿನಲ್ಲಿರುತ್ತಾನೆಂದು ಅವನ ತಾಯಿ ಸೇಸಮ್ಮ ಫೋನಿನಲ್ಲಿ ಹೇಳಿದ್ದರು. ಇದ್ದ. ಗೋಡೆಗೆ ಚೆಂಡು ಎಸೆಯುತ್ತಿದ್ದ, ಹಿಡಿಯುತ್ತಿದ್ದ, ಮತ್ತೆ ಎಸೆಯುತ್ತಿದ್ದ. ಎರಡೂ ಕೈ, ಎದೆಯ ಮಟ್ಟ, ಕಣ್ಣು ನೇರ. ಆಟಕ್ಕೆ ಹೊಸದಾಗಿ ಬಂದ ಮಕ್ಕಳಿಗೆ ಅವಳೇ ಮೊದಲ ದಿನ ಕಲಿಸುವ ಪಾಸ್ ಅದು.

ಅವಳನ್ನು ಕಂಡು ಅಶೋಕ ಓಡಿ ಬಂದ. ಜೊತೆಗಿದ್ದ ತಂಗಿ ಮೋಹಿನಿ ಅಣ್ಣನ ಮೇಲೆ ಚಾಡಿ ಹೇಳಿದಳು: ಊಟಕ್ಕೆ ಕೂತಾಗ ಉಪ್ಪಿನ ಕರಡಿಗೆ ಕೇಳಿದರೂ ಎರಡು ಕೈಯಲ್ಲೇ ಕೊಡುತ್ತಾನಂತೆ, ದೇವಸ್ಥಾನದಲ್ಲಿ ಪ್ರಸಾದ ಕೊಟ್ಟ ಹಾಗೆ. ಅಶೋಕನೂ ನಕ್ಕ. ಬೆಳಿಗ್ಗೆ ಸಂಜೆ ಇದೇ ಅಭ್ಯಾಸ, ಆ ಒಂದು ಕೈಯ ಪಾಸನ್ನು ಬಿಟ್ಟೇಬಿಟ್ಟಿದ್ದೇನೆ, ಅದರಿಂದಲೇ ಅಲ್ಲವೇ ಎಲ್ಲ ಹಾಳಾದದ್ದು ಎಂದ. ಆ ಏಳು ಚೆಂಡು ನಿನಗೆ ನೆನಪುಂಟೇ ಎಂದು ಶುಭಶ್ರೀ ಕೇಳಿದಳು.

"ಎರಡು ಬಿಟ್ಟದ್ದು ಗೊತ್ತುಂಟು ಮೇಡಂ. ಉಳಿದದ್ದು ಎಷ್ಟು ಯೋಚನೆ ಮಾಡಿದ್ರೂ ನೆನಪಿಗೆ ಬರುದಿಲ್ಲ. ಬೇರೆ ಯಾರಾದ್ರೂ ಬರ್ದದ್ದಾದ್ರೆ ಹೋಗಿ ಕೇಳ್ತಿದ್ದೆ. ಟೇಬಲ್ಲಿನಲ್ಲಿ ನೀವಿದ್ರಲ್ಲ. ನೀವು ಬರ್ದ ಮೇಲೆ ನಂದೇ ತಪ್ಪು."

ದೂರು ಹೇಳುವ ದನಿಯಲ್ಲ ಅದು, ಗೌರವದ್ದು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

"ನಿಂದಲ್ಲ ಅಶೋಕ," ಎಂದಳು. "ಐದು ಬೇರೆಯವರದ್ದು. ಕೆಲವು ನಂಗೆ ಆಗ್ಲೇ ಗೊತ್ತಿತ್ತು."

"ಮತ್ತೆ ಯಾಕೆ ಮೇಡಂ?"

"ನೀನು ನಮ್ಮವ ಅಂತ."

ಮೋಹಿನಿಯ ನಗು ನಿಂತಿತು. ಅಶೋಕ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಶುಭಶ್ರೀಯನ್ನೇ ನೋಡಿದ. ಅರ್ಥವಾಗದೆ ನೋಡಿದ, ಆಮೇಲೆ ಅರ್ಥವಾಗಿ ನೋಡಿದ. ಆ ಎರಡನೆಯ ನೋಟವನ್ನು ಎದುರಿಸಲಾರದೆ ಶುಭಶ್ರೀ ಚೀಲದಿಂದ ಫೋನ್ ತೆಗೆದು, ಪತ್ರವನ್ನು ಅವನಿಗೆ ಓದಲು ಕೊಟ್ಟು, ಅವನ ಎದುರೇ ಕಳುಹಿಸಿದಳು. ಅಲ್ಲಿಂದ ಏನು ಉತ್ತರ ಬರುತ್ತದೋ ಗೊತ್ತಿಲ್ಲ, ಬಂದರೂ ಈ ಶಿಬಿರಕ್ಕೆ ಆಗಲಿಕ್ಕಿಲ್ಲ ಎಂದಳು. ಅವನು ಆಗಲಿ ಎಂದ. ಕ್ಷಮೆ ಕೇಳುವ ಮಾತು ಅವಳ ಬಾಯಿಗೆ ಬಂದು ಅಲ್ಲೇ ಉಳಿಯಿತು, ಅಷ್ಟು ಸಣ್ಣ ಮಾತನ್ನು ಕೊಡಲು ನಾಚಿಕೆಯಾಯಿತು. ನಿನ್ನ ಆಟ ಸರಿಯೇ ಇತ್ತು, ಮೊದಲಿನ ಹಾಗೆಯೇ ಆಡು ಎಂದು ಮಾತ್ರ ಹೇಳಿದಳು.

ಅಶೋಕ ಮೋಹಿನಿಗೆ ಆಚೆ ಬದಿಗೆ ಹೋಗಿ ನಿಲ್ಲಲು ಹೇಳಿದ. ಚೆಂಡು ಪುಟಿಸುತ್ತ ಓಡಿ ಬಂದ, ಮುಖವನ್ನು ಎಡಕ್ಕೆ ಹೊರಳಿಸಿದ, ಬಲಗೈ ಬೀಸಿತು. ಅಷ್ಟರಲ್ಲಿ ಎಡಗೈ ತಾನಾಗಿ ಮೇಲೆದ್ದು ಚೆಂಡನ್ನು ಹಿಡಿದುಕೊಂಡಿತು. ಅವನು ನಿಂತು ಕೈ ನೋಡಿಕೊಂಡ. ಹಿಂದೆ ಹೋಗಿ ಮತ್ತೊಮ್ಮೆ ಓಡಿ ಬಂದ. ಮತ್ತೆ ಎಡಗೈ ಬಂತು.

"ತಾಳಿ ಮೇಡಂ, ಬರ್ತದೆ," ಎಂದ ಅಶೋಕ, ಅವಳ ಕಡೆ ನೋಡದೆ. ಗೆರೆಯ ಹಿಂದೆ ಹೋಗಿ ನಿಂತು, ಎಡಗೈಯನ್ನು ಬೆನ್ನ ಹಿಂದೆ ಒಯ್ದು, ಚಡ್ಡಿಯ ಪಟ್ಟಿಯೊಳಗೆ ಸಿಕ್ಕಿಸಿಕೊಂಡು ಚೆಂಡು ಪುಟಿಸತೊಡಗಿದ.