ಕೈಗೆ ಸಿಕ್ಕವನು

ಮಗಳು ಸತ್ತ ಮೇಲೆ ನಮ್ಮ ಅತ್ತಿಗೆ ದೇವರ ಹತ್ತಿರ ಬೇಡಿಕೊಂಡದ್ದು ಒಂದೇ. ಅವನು ಒಂದು ಸಲ ನನ್ನ ಕೈಗೆ ಸಿಗಲಿ.

ಅವನು ಅಂದರೆ ಕುಡಿದು ವ್ಯಾನ್ ಓಡಿಸಿಕೊಂಡು ಬಂದು, ಶಾಲೆಯ ಗೇಟಿನ ಹತ್ತಿರ ನಿಂತಿದ್ದ ಹುಡುಗಿಯನ್ನು ಗೋಡೆಗೆ ಒತ್ತಿಬಿಟ್ಟವನು. ಅದೇ ಗೋಡೆಗೆ ಬಡಿದು ನುಜ್ಜುಗುಜ್ಜಾದ ವ್ಯಾನಿನೊಳಗೆ ಅವನ ಒಂದು ಕಾಲೂ ಹೋಯಿತು. ಕಾಲು ಹೋದರೆ ಹೋಗಲಿ, ಜೀವ ಯಾಕೆ ಉಳಿಯಿತು ಎಂದು ಅಣ್ಣ ಊಟದ ತಟ್ಟೆಯ ಮುಂದೆ ಕೂತು ಕೇಳುತ್ತಿದ್ದ. ನಾನು ದೇವರ ವಿಷಯದಲ್ಲಿ ಅಷ್ಟಕ್ಕಷ್ಟೆ. ಆದರೂ ಅತ್ತಿಗೆಯ ಆ ಬೇಡಿಕೆಗೆ ಮನಸ್ಸಿನಲ್ಲೇ ದನಿಗೂಡಿಸುತ್ತಿದ್ದೆ.

ಅತ್ತಿಗೆ, ನಾನು ಇಬ್ಬರೂ ಕೆಲಸ ಮಾಡುವುದು ಕೃತಕ ಕಾಲು ತಯಾರಿಸುವ ವರ್ಕ್‌ಶಾಪಿನಲ್ಲಿ. ಅಳತೆ, ಅಚ್ಚು ಅವರದು. ಉಜ್ಜುವುದು, ಬೆಲ್ಟು, ಸ್ಕ್ರೂ ನನ್ನದು. ಕತ್ತರಿಸಿ ಉಳಿದ ಮೊಂಡುಗಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುತ್ತೇವೆ. ಚರ್ಮದ ಕೆಳಗೇ ಮೂಳೆ ಸಿಗುವ ಕಡೆ ಅಚ್ಚಿನ ಮೇಲೆ ಇನ್ನಷ್ಟು ಪ್ಲಾಸ್ಟರ್ ಮೆತ್ತಿ ಉಬ್ಬಿಸಬೇಕು. ಆಗ ಅದರ ಮೇಲೆ ಮಾಡಿದ, ಮೊಂಡುಗಾಲು ಕೂರುವ ಬಟ್ಟಲು ಅಲ್ಲಿ ಮೂಳೆಯನ್ನು ಒತ್ತುವುದಿಲ್ಲ. ನಮ್ಮಲ್ಲಿ ಇದಕ್ಕೆ ಜಾಗ ಬಿಡುವುದು ಎನ್ನುತ್ತೇವೆ. ಎಲ್ಲೆಲ್ಲಿ ಎಷ್ಟು ಬಿಡಬೇಕು ಎಂಬುದು ಬಂದವರು ಬಾಯಿ ಬಿಟ್ಟು ಹೇಳಿದರೇ ಗೊತ್ತಾಗುವುದು. ಅದಕ್ಕೇ ಅತ್ತಿಗೆ ಮುದುಕರಿರಲಿ, ಮಕ್ಕಳಿರಲಿ, ಕೈ ಇಡುವ ಮೊದಲು "ನೋವಾದ್ರೆ ಹೇಳ್ಬೇಕಪ್ಪ" ಎನ್ನುತ್ತಿದ್ದರು. ಮನೆಯ ಮೇಜಿನ ಕಾಲು ಅಲ್ಲಾಡಿದರೂ ಹಾಗೇ ಅಂದುಬಿಡುತ್ತೀರಿ ಎಂದು ನಾನು ಒಂದು ಕಾಲದಲ್ಲಿ ರೇಗಿಸುತ್ತಿದ್ದೆ.

ಜೈಲಿನಿಂದ ಬಿಟ್ಟ ಮೇಲೆ ಅವನು ಊರುಗೋಲು ಊರಿಕೊಂಡು ನಮ್ಮಲ್ಲಿಗೇ ಬಂದ. ಕಾಲು ಮಾಡುವವರು ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ. ಬಾಗಿಲಲ್ಲಿ ಅವನನ್ನು ನೋಡಿದ್ದೇ ಆಚೆ ತಳ್ಳಲು ಎದ್ದೆ. ಅತ್ತಿಗೆ ಕಣ್ಣಲ್ಲೇ ಕೂರಿಸಿದರು. ಆಮೇಲೆ ಅವನ ಎದುರು ಸ್ಟೂಲ್ ಎಳೆದುಕೊಂಡು ಕೂತು, ಆ ಮೊಂಡುಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೈಗೆ ಸಿಗಲಿ ಅಂದಿದ್ದರು, ಸಿಕ್ಕಿದ್ದ.

ಅವತ್ತು ಅವರು "ನೋವಾದ್ರೆ ಹೇಳ್ಬೇಕಪ್ಪ" ಎನ್ನಲಿಲ್ಲ. ಪ್ಲಾಸ್ಟರ್ ಸುತ್ತಿದರು, ತೆಗೆದರು, ಕಳಿಸಿದರು. ಅಚ್ಚು ಉಜ್ಜಲು ನನ್ನ ಕೈಗೆ ಬಂದಾಗ ನೋಡಿದೆ. ಮೂಳೆಯ ತುದಿಯಲ್ಲಿ ಉಬ್ಬೇ ಇರಲಿಲ್ಲ. ಅತ್ತಿಗೆ ಜಾಗ ಬಿಟ್ಟಿರಲಿಲ್ಲ. ಇಷ್ಟು ವರ್ಷದಲ್ಲಿ ಅವರು ಮರೆತದ್ದಿಲ್ಲ, ಅವತ್ತೂ ಮರೆತಿರಲಿಲ್ಲ. ನಾನು ಅವರ ಮುಖ ನೋಡಿದೆ, ಅವರು ಗೋಡೆ ನೋಡಿದರು. ಸುಳ್ಳು ಯಾಕೆ, ನನಗೆ ಸಂತೋಷವಾಯಿತು. ಅಚ್ಚನ್ನು ನುಣ್ಣಗೆ ಉಜ್ಜಿಕೊಟ್ಟೆ.

ಕಾಲು ತೊಡಿಸಿದ ದಿನ ಅವನು ಕಂಬಿ ಹಿಡಿದು ನಡೆದ. ಹೇಗಿದೆ ಎಂದು ನಾನೇ ಕೇಳಿದೆ. ಚೆನ್ನಾಗಿದೆ ಅಂದ. ಹೋದ.

ನಾವು ಕಾದೆವು. ಎಂಥ ಗಟ್ಟಿಗನಾದರೂ ಆ ಬಟ್ಟಲು ಹಾಕಿಕೊಂಡು ಎರಡು ಬೀದಿ ನಡೆದರೆ ಹಲ್ಲು ಕಚ್ಚಬೇಕು. ದೂರು ಹೇಳಿಕೊಂಡು ಬರುತ್ತಾನೆ, ಬಂದಾಗ ನೆಟ್ಟಗೆ ನಾಲ್ಕು ಮಾತು ಹೇಳಿ ಕಳಿಸಬೇಕು ಎಂದು ನಾನು ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ಅವನು ಬರಲಿಲ್ಲ. ಮನೆಯಲ್ಲಿ ಅತ್ತಿಗೆ ದೇವರ ಮುಂದೆ ಕೂರುವುದನ್ನು ಬಿಟ್ಟರು. ಬೇಡಿಕೊಂಡದ್ದು ಸಿಕ್ಕಿತಲ್ಲ, ಇನ್ನೇನು ಎಂದುಕೊಂಡೆ. ಆದರೆ ಅವರು ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟು ಏಳುತ್ತಿದ್ದರು.

ಪರೀಕ್ಷೆಗೆ ಕರೆದ ದಿನ ಬಂದ. ಕಾಲು ಬಿಚ್ಚಿದಾಗ ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು. ಅತ್ತಿಗೆ ನೀರು ಹಾಕಿ ನೆನೆಸಿ ಬಿಡಿಸಿದರು. ಕೆಳಗೆ ಹುಣ್ಣು ಕೀವಾಗಿ, ಬಿಳಿ ಮೂಳೆ ಇಣುಕುತ್ತಿತ್ತು. ಇಂಥ ವಾಸನೆ ನಮ್ಮ ಕೋಣೆಯಲ್ಲಿ ಯಾವತ್ತೂ ಇರಲಿಲ್ಲ. ಜೋಡಿಸಿಟ್ಟ ಮಾತು ನನಗೆ ಒಂದೂ ನೆನಪಾಗಲಿಲ್ಲ.

"ಇಷ್ಟಾಗೋವರೆಗೂ ಯಾಕೆ ಹೇಳ್ಲಿಲ್ಲ?" ಎಂದರು ಅತ್ತಿಗೆ.

ಅವನು ತಲೆ ತಗ್ಗಿಸಿದ. "ಕೋರ್ಟಲ್ಲಿ ನೋಡಿದ್ದೆ, ನೀವ್ಯಾರು ಅಂತ ಮೊದಲನೇ ದಿನಾನೇ ಗೊತ್ತಾಯ್ತು. ನನಗೆ ನೋವಾಗ್ತಿದೆ ಅಂತ ನಿಮ್ಮ ಹತ್ರ ಯಾವ ಬಾಯಲ್ಲಿ ಹೇಳ್ಲಿ?"

ಅತ್ತಿಗೆ ಆ ಕಾಲನ್ನು ಹಿಡಿದುಕೊಂಡೇ ಅತ್ತರು. ಮಗಳನ್ನು ಮಣ್ಣು ಮಾಡಿದ ದಿನವೂ ಅವರು ಹೀಗೆ ಅತ್ತಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಈ ಹುಣ್ಣಿನ ತಪ್ಪು ನಿನ್ನದಲ್ಲ, ನಾನು ಬೇಕಂತಲೇ ಮಾಡಿದ್ದು ಎಂದು ಅವನಿಗೆ ನೇರವಾಗಿ ಹೇಳಿದರು. ಗೊತ್ತು ಎಂದ ಅವನು. ಅಷ್ಟೇ.

ಅವನನ್ನು ಆಸ್ಪತ್ರೆಗೆ ಸೇರಿಸಿದವರು ಅತ್ತಿಗೆಯೇ. ಕಾಲನ್ನು ಇನ್ನೂ ಮೇಲಕ್ಕೆ, ಮಂಡಿಯನ್ನೂ ಸೇರಿಸಿ ಕತ್ತರಿಸಬೇಕಾಯಿತು. ಮನೆಗೆ ಬರುವ ದಾರಿಯಲ್ಲಿ ಅವರು, "ನಾನು ಕೇಳಿದ್ದನ್ನೇ ಕೊಟ್ಟ. ಕೈಯಲ್ಲಿಟ್ಟು, ಈಗ ನೋಡು ಅಂದ" ಎಂದರು. ಯಾರು ಎಂದು ನಾನು ಕೇಳಲಿಲ್ಲ.

ಗಾಯ ಮಾಗಿದ ಮೇಲೆ ಅವನು ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತ. ಅತ್ತಿಗೆ ಪ್ಲಾಸ್ಟರ್ ಕಲಸಿಕೊಡು ಎಂದರು. ನಾನು ಅಲುಗಲಿಲ್ಲ. ಅವರು ಇನ್ನೊಂದು ಸಲ ಹೇಳಲಿಲ್ಲ, ಬೈಯಲೂ ಇಲ್ಲ. ಅವನ ಕಡೆ ತಿರುಗಿ, ಅವನ ಕಾಲಿನ ಮೇಲೆ ಕೈ ಇಟ್ಟರು.

"ನೋವಾದ್ರೆ ಹೇಳ್ಬೇಕಪ್ಪ."

ಅವನು ಅತ್ತಿಗೆಯ ಮುಖ ನೋಡಿದ. ಆಮೇಲೆ ಬೆರಳಿಟ್ಟು ತೋರಿಸಿ, "ಇಲ್ಲಿ" ಎಂದ.

ನಾನಿನ್ನೂ ಅವನನ್ನು ಕ್ಷಮಿಸಿಲ್ಲ. ಆದರೆ ಎದ್ದು ಹೋಗಿ ಪ್ಲಾಸ್ಟರ್ ಕಲಸಿದೆ. ಜಾಗ ಬಿಡದ ಆ ಮೊದಲ ಅಚ್ಚನ್ನು ನುಣ್ಣಗೆ ಉಜ್ಜಿದ ಕೈ ನನ್ನದೇ ಆಗಿತ್ತು.